ಶಾಲಾ ಗ್ರಂಥಾಲಯ ಮತ್ತು ಜಾಲದ ಹೊಸ ಸಲಕರಣೆಗಳು: ಮಾರ್ಕೆಟ್ ಯಾರ್ಡ್ ಕಲಿಸುವ ಪಾಠ

ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿಗೆ ಪ್ರತಿ ಬೇಸಿಗೆಯಲ್ಲಿ ಕೊಂಕಣದ ಹಾಪೂಸಿನ ಜೊತೆಗೆ ಕರ್ನಾಟಕದ ಮಾವೂ ಬಂದಿಳಿಯುತ್ತದೆ. ನೋಟಕ್ಕೆ ಎರಡೂ ಹೆಚ್ಚು ಕಡಿಮೆ ಒಂದೇ. ಕರ್ನಾಟಕದ ಹಣ್ಣನ್ನೇ ದೇವಗಡ, ರತ್ನಾಗಿರಿಗಳ ಹೆಸರಿನಲ್ಲಿ ಮಾರಲಾಗುತ್ತಿದೆ ಎಂಬ ದೂರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೊಂಕಣದ ಹಾಪೂಸಿಗೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತರೂ ಗಿರಾಕಿಯ ಪ್ರಶ್ನೆ ಉಳಿದೇ ಇದೆ: ಈ ಪೆಟ್ಟಿಗೆ ನಿಜವಾಗಿ ಎಲ್ಲಿಂದ ಬಂತು?

ಇಂದು ಶಾಲೆಯ ಮಕ್ಕಳು ಅಂತರ್ಜಾಲದಿಂದ ಹೊತ್ತು ತರುವ ಮಾಹಿತಿಯ ಬಗೆಗೂ ಇದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಅದನ್ನು ಕೇಳಲು ಕಲಿಸಬೇಕಾದವರು ಶಾಲೆಯ ಗ್ರಂಥಪಾಲಕರು. ದುರ್ದೈವವೆಂದರೆ, ನಮ್ಮ ಶಿಕ್ಷಣ ವ್ಯವಸ್ಥೆಯಲ್ಲಿ ಅತ್ಯಂತ ಉಪೇಕ್ಷಿತರಾದವರೂ ಅವರೇ.

ಗ್ರಂಥಪಾಲಕರು ಜಾಲದ ಸಲಕರಣೆಗಳನ್ನು ತಾವೇ ಮೊದಲು ಬಳಸಿ ನೋಡಬೇಕೆಂಬ ವಿಚಾರ ಹೊಸದಲ್ಲ. 2006ರಲ್ಲಿ ಅಮೆರಿಕದ ಶಾರ್ಲೆಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಲೀನ್ ಬ್ಲೋವರ್ಸ್ ಅವರು ಸಿಬ್ಬಂದಿಗಾಗಿ 'ಇಪ್ಪತ್ತಮೂರು ಸಂಗತಿಗಳು' ಎಂಬ ಕಲಿಕಾ ಕ್ರಮವನ್ನು ರೂಪಿಸಿದರು. ಬ್ಲಾಗ್, ವಿಕಿ, ಚಿತ್ರ ಹಂಚಿಕೆ ಮುಂತಾದವನ್ನು ಒಂದೊಂದಾಗಿ, ಸ್ವಂತ ಕೈಯಿಂದ ಮಾಡಿ ಕಲಿಯುವುದು ಅದರ ತಿರುಳು. ಬಹುಬೇಗ ಅದನ್ನು ಅನೇಕ ದೇಶಗಳ ಗ್ರಂಥಾಲಯಗಳು ಅನುಸರಿಸಿದವು. ಆದರೆ ಆ ಕಾಲದ ಜನಪ್ರಿಯ ಸಲಕರಣೆಗಳ ಗತಿ ಏನಾಯಿತು? ಗೂಗಲ್ ರೀಡರ್ 2013ರಲ್ಲಿ ಮುಚ್ಚಿತು. ಜಗತ್ತಿನಾದ್ಯಂತ ಶಿಕ್ಷಕರು ಪಾಠಕ್ಕಾಗಿ ಬಳಸುತ್ತಿದ್ದ ವಿಕಿಸ್ಪೇಸಸ್ 2018ರಲ್ಲಿ ತರಗತಿಗಳಿಗೆ ಬಾಗಿಲು ಹಾಕಿತು. ಸಲಕರಣೆಗಳು ಅಳಿದವು, ಪರೀಕ್ಷಿಸಿ ಆರಿಸುವ ಅಭ್ಯಾಸ ಮಾತ್ರ ಉಳಿಯಿತು.

ನಮ್ಮಲ್ಲಿಯೂ ಇಂಥದೇ ಅನುಭವವಿದೆ. ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಚಿತ್ರಪ್ರತಿಗಳನ್ನು ಒಳಗೊಂಡಿದ್ದ ಭಾರತೀಯ ಡಿಜಿಟಲ್ ಗ್ರಂಥಾಲಯವು ಹಕ್ಕುಸ್ವಾಮ್ಯದ ಪ್ರಶ್ನೆಗಳ ನಡುವೆ ಸ್ಥಗಿತಗೊಂಡಿತು. ಅದರ ಬಹಳಷ್ಟು ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡಿರುವುದು ಓದುಗರ ಪುಣ್ಯ. ಇಂದು ಖರಗಪುರದ ಐಐಟಿಯ ಮುಂದಾಳತ್ವದಲ್ಲಿ ರೂಪುಗೊಂಡು 2018ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಶ್ರಮಿಸಿ ಸಿದ್ಧಪಡಿಸಿದ, 2019ರಲ್ಲಿ ಮುಕ್ತವಾಗಿ ದೊರೆತ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟಿದೆ. ವಚನಗಳಲ್ಲಿ ಒಂದೊಂದು ಪದವನ್ನೂ ಹುಡುಕಿಕೊಡುವ 'ವಚನ ಸಂಚಯ'ವಿದೆ. ಪುಣೆಯ ಕನ್ನಡ ಮನೆಗಳ ಮಕ್ಕಳಲ್ಲಿ ಎಷ್ಟು ಮಂದಿಗೆ ಇವುಗಳ ಪರಿಚಯವಿದೆ?

ಒಂದು ಉದಾಹರಣೆಯನ್ನು ನೋಡೋಣ. ಯಾರ್ಡಿನ ಆಸುಪಾಸಿನ ಶಾಲೆಯೊಂದರ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಮಾವಿನ ವ್ಯಾಪಾರವನ್ನು ಕುರಿತು ಪ್ರಬಂಧ ಬರೆಯಬೇಕಾಗಿದೆ ಎನ್ನಿ. ಯಂತ್ರ ಸಂವಾದಿಯನ್ನು ಕೇಳಿದರೆ ಅರೆಗಳಿಗೆಯಲ್ಲಿ ನಾಲ್ಕು ಪುಟ ಸಿದ್ಧ. ಆದರೆ ಯಾವ ವಾಕ್ಯ ಯಾವ ತೋಟದ ಹಣ್ಣೆಂದು ತಿಳಿಯುವುದು ಕಷ್ಟ. ಗ್ರಂಥಪಾಲಕರು ತೋರಿಸುವ ದಾರಿ ಬೇರೆ. ಯಾವ ಮಾರುಕಟ್ಟೆಗೆ ಯಾವ ದಿನ ಎಷ್ಟು ಮಾಲು ಬಂತು, ದರ ಎಷ್ಟಿತ್ತು ಎಂಬುದನ್ನು ಕೇಂದ್ರ ಸರಕಾರದ ಆಗ್‌ಮಾರ್ಕ್‌ನೆಟ್ ತಾಣದಲ್ಲಿ ನೋಡಬಹುದು. ಹಾಪೂಸೆಂಬ ಹೆಸರು ಯಾವ ಪ್ರದೇಶದ ಹಣ್ಣಿಗೆ ಸಲ್ಲುತ್ತದೆಂಬುದು ಚೆನ್ನೈನ ಭೌಗೋಳಿಕ ಸೂಚಕ ನೋಂದಣಿ ಕಚೇರಿಯ ದಾಖಲೆಗಳಲ್ಲಿದೆ. ಬಳಿಕ ದಲಾಲಿ ಅಂಗಡಿಗೆ ಹೋಗಿ ವ್ಯಾಪಾರಿಯನ್ನೇ ವಿಚಾರಿಸಬಹುದು. ಮೂರು ಕಡೆಯ ಮಾತುಗಳೂ ಹೊಂದದಿದ್ದರೆ ಸಂಶೋಧನೆ ಅಲ್ಲಿಂದಲೇ ಮೊದಲಾಗುತ್ತದೆ.

ಕನ್ನಡದ ಮಟ್ಟಿಗೆ ಈ ಎಚ್ಚರ ಇನ್ನೂ ಅಗತ್ಯ. ಜಾಲದಲ್ಲಿ ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದ ಪಠ್ಯ ಅತ್ಯಲ್ಪ. ಯುನಿಕೋಡ್‌ಗೆ ಮೊದಲಿನ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ ಬರಹಗಳೂ, ಕೇವಲ ಚಿತ್ರಗಳಾಗಿರುವ ಪುಸ್ತಕಗಳೂ ಹುಡುಕಾಟಕ್ಕೆ ಸಿಗುವುದಿಲ್ಲ. ಸಿಗದ್ದು ಇಲ್ಲವೇ ಇಲ್ಲ ಎಂದು ಮಗು ತಿಳಿದರೆ, ತನ್ನ ಭಾಷೆಯಲ್ಲಿ ವಿದ್ಯೆಯೇ ಇಲ್ಲವೆಂದು ತಿಳಿದಂತೆ. ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದುತ್ತ ಮನೆಯಲ್ಲಿ ಮಾತ್ರ ಕನ್ನಡ ಕೇಳುವ ಹೊರನಾಡಿನ ಮಗುವಿಗೆ ಈ ತಪ್ಪು ತಿಳಿವಳಿಕೆ ಇನ್ನಷ್ಟು ಸುಲಭವಾಗಿ ಅಂಟಿಕೊಳ್ಳುತ್ತದೆ.

ಹಾಗಾದರೆ ದಾರಿ ತೋರಿಸುವವರೆಲ್ಲಿ? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿ ಶಾಲೆಯಲ್ಲಿ ಗ್ರಂಥಾಲಯವಿರಬೇಕು, ಅಲ್ಲಿ ಪತ್ರಿಕೆಗಳೂ ಕಥೆ ಪುಸ್ತಕಗಳೂ ಸಿಗಬೇಕು ಎನ್ನುತ್ತದೆ; ಗ್ರಂಥಪಾಲಕರ ಹುದ್ದೆಯನ್ನು ಮಾತ್ರ ಹೆಸರಿಸುವುದಿಲ್ಲ. ಕಪಾಟಿಗೆ ಕಾನೂನಿದೆ, ಕಪಾಟು ತೆರೆಯುವ ಕೈಗಿಲ್ಲ. 1931ರಲ್ಲಿಯೇ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಜಗತ್ತಿಗೆ ಕೊಟ್ಟ ಎಸ್. ಆರ್. ರಂಗನಾಥನ್ ಅವರ ನಾಡಿನಲ್ಲಿ ಈ ಸ್ಥಿತಿ ಶೋಭಿಸುವುದಿಲ್ಲ.

ಉಚಿತವೆನ್ನುವ ತಾಣಗಳಲ್ಲಿ ಅನೇಕವು ಮಕ್ಕಳ ಹೆಸರು, ವಯಸ್ಸು, ಅಭಿರುಚಿಗಳನ್ನು ಬೆಲೆಯಾಗಿ ಪಡೆಯುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಸಮ್ಮತಿ ಬೇಕೆನ್ನುತ್ತದೆ. ಖಾತೆ ತೆರೆಯದೆ ಬಳಸಬಹುದಾದ ತಾಣ ಯಾವುದು, ಬೇಡವಾದದ್ದು ಯಾವುದು ಎಂದು ನೋಡಿ ಹೇಳಲು ಶಾಲೆಯಲ್ಲಿ ಒಬ್ಬರಾದರೂ ಬೇಕಲ್ಲವೆ?

ಮೊಬೈಲಿನಿಂದ ಮಕ್ಕಳು ಕೆಡುತ್ತಾರೆಂಬ ಹಿರಿಯರ ಆತಂಕವನ್ನು ಅಲ್ಲಗಳೆಯಲಾಗದು. ಆದರೆ ಅದು ಅವರ ಕೈಗೆ ಬಂದಾಗಿದೆ. ಇನ್ನು ಮಾಡಬೇಕಾದ್ದು ದಾರಿ ತೋರಿಸುವ ಕೆಲಸ. ಹೊರನಾಡಿನ ಕನ್ನಡ ಸಂಘಗಳು ಇದಕ್ಕೆ ದೊಡ್ಡ ನಿಧಿಯನ್ನು ಕಾಯಬೇಕಾಗಿಲ್ಲ. ಪರೀಕ್ಷಿಸಿ ನೋಡಿದ ಹತ್ತು ಕನ್ನಡ ತಾಣಗಳ ಒಂದು ಪುಟದ ಪಟ್ಟಿಯನ್ನು ಸಿದ್ಧಪಡಿಸಿ, ವರ್ಷಕ್ಕೊಮ್ಮೆ ತಿದ್ದಿ, ನೆರೆಯ ಶಾಲೆಗಳ ಗ್ರಂಥಪಾಲಕರಿಗೆ ತಲುಪಿಸಿದರೆ ಸಾಕು. ನಮ್ಮ ಮಕ್ಕಳು ಓದುವ ಶಾಲೆಯಲ್ಲಿ ಗ್ರಂಥಪಾಲಕರಿದ್ದಾರೆಯೇ ಎಂದು ಮುಂದಿನ ಪಾಲಕರ ಸಭೆಯಲ್ಲಿ ವಿಚಾರಿಸುವುದು ಅದಕ್ಕಿಂತಲೂ ಸುಲಭ.