ಉಮ್ಮಂದಿರ ಪಿಂಚಣಿಯಲ್ಲಿ ಕಮಿಷನ್ ಬೇಡ

ಮೊಮ್ಮಗನನ್ನು ಮದ್ರಸಕ್ಕೆ ಬಿಡಲು ಬರುವ ಉಮ್ಮ ಒಬ್ಬರು ಮೊನ್ನೆ ಪ್ಲಾಸ್ಟಿಕ್ ಕವರೊಂದನ್ನು ನಮ್ಮ ಮೇಜಿನ ಮೇಲಿಟ್ಟು, "ಉಸ್ತಾದ್, ಇದರಲ್ಲಿ ಎಲ್ಲಿ ಸೈನ್ ಹಾಕ್ಬೇಕು?" ಅಂತ ಕೇಳಿದರು. ಒಳಗೆ ಎರಡು ಪಿ.ಎಫ್. ನಂಬರಿನ ಚೀಟಿಗಳು, ಭರ್ತಿ ಮಾಡಿದ 10-ಸಿ ಫಾರಂಗಳು. ಬಂಟ್ವಾಳದಲ್ಲಿದ್ದಾಗ ಅವರು ಒಂದು ಕಂಪೆನಿಯ ಬ್ರಾಂಚಿಗೆ ಆರು ವರ್ಷ, ಇನ್ನೊಂದಕ್ಕೆ ಐದು ವರ್ಷ ಬೀಡಿ ಕಟ್ಟಿದವರು. ಮಗನ ಜೊತೆ ರಾಜೀವನಗರಕ್ಕೆ ಬಂದ ಮೇಲೆ ಕೆಲಸ ನಿಂತಿತು. ಎರಡನ್ನೂ 'ಸೆಟ್ಲ್' ಮಾಡಿಸಿ ಕೊಡ್ತೇನೆ, ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತು ನನಗೆ ಎಂದು ಏಜೆಂಟರೊಬ್ಬರು ಹೇಳಿದ್ದರಂತೆ.

ನಷ್ಟ ಆ ಇಪ್ಪತ್ತು ಮಾತ್ರ ಅಲ್ಲ. ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೂ ಪಿ.ಎಫ್. ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 1995ರ ನೌಕರರ ಪಿಂಚಣಿ ಯೋಜನೆಯ ಪ್ರಕಾರ, ಹತ್ತು ವರ್ಷದ ಸೇವೆ ಇದ್ದವರಿಗೆ 58 ತುಂಬಿದ ಮೇಲೆ ಬದುಕಿರುವಷ್ಟು ಕಾಲ ಪಿಂಚಣಿ. 2014ರ ಸೆಪ್ಟೆಂಬರ್‌ನಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಆರು ಮತ್ತು ಐದನ್ನು ಕೂಡಿಸಿದರೆ ಹನ್ನೊಂದು: ಉಮ್ಮನಿಗೆ ಪಿಂಚಣಿ ಉಂಟು. ಬೇರೆ ಬೇರೆಯಾಗಿ ತೆಗೆದರೆ ಎರಡೂ ಹತ್ತಕ್ಕಿಂತ ಕಡಿಮೆ: ಒಮ್ಮೆ ಸ್ವಲ್ಪ ದುಡ್ಡು, ಆಮೇಲೆ ಏನೂ ಇಲ್ಲ. ಪಿ.ಎಫ್. ಹಣ ತೆಗೆದರೆ ಪಿಂಚಣಿ ಹೋಗುವುದಿಲ್ಲ. 10-ಸಿಯಲ್ಲಿ ಪಿಂಚಣಿಯ ಪಾಲನ್ನೂ ತೆಗೆದರೆ ಆ ವರ್ಷಗಳ ಸೇವೆಯೇ ಅಳಿಸಿಹೋಗುತ್ತದೆ. ಅದೇ ಫಾರಂನಲ್ಲಿ ಹಣದ ಬದಲು 'ಸ್ಕೀಮ್ ಸರ್ಟಿಫಿಕೇಟ್' ಕೇಳಿ ಸೇವೆಯನ್ನು ಉಳಿಸಿಕೊಳ್ಳಬಹುದು. ಆದರೆ ಸರ್ಟಿಫಿಕೇಟಿನಲ್ಲಿ ಕಮಿಷನ್ ಹುಟ್ಟುವುದಿಲ್ಲ. ಹಾಗಾಗಿ ಏಜೆಂಟರು ಅದರ ಸುದ್ದಿಯನ್ನೇ ಎತ್ತುವುದಿಲ್ಲ.

ಸಹಾಯ ಪಡೆಯಬೇಡಿ ಎಂದು ನಾವು ಹೇಳುತ್ತಿಲ್ಲ. ಪುಸ್ತಕದಲ್ಲಿ ಬೀಫಾತಿಮ, ಆಧಾರ್‌ನಲ್ಲಿ ಫಾತಿಮಾ. ಹುಟ್ಟಿದ ದಿನ ಒಂದೊಂದು ಕಡೆ ಒಂದೊಂದು. ಇದನ್ನು ಸರಿಪಡಿಸಲು ಕಂಪೆನಿಯ ಒಪ್ಪಿಗೆಯೊಂದಿಗೆ ಜಂಟಿ ಘೋಷಣೆ ಕೊಡಬೇಕು. ಕಂಪೆನಿ ಮುಚ್ಚಿದ್ದರೆ, ವಾರಸುದಾರರಲ್ಲಿ ತಕರಾರಿದ್ದರೆ, ತಿಳಿದವರು ಬೇಕೇ ಬೇಕು. ಆದರೆ ಎಂಥ ಸಹಾಯ ಎಂಬುದು ಮುಖ್ಯ. ವಕೀಲರಾಗಲಿ ಪಿ.ಎಫ್. ಸಲಹೆಗಾರರಾಗಲಿ, ಮಾಡಿದ ಕೆಲಸಕ್ಕೆ ಮೊದಲೇ ಹೇಳಿದ ಫೀಸು ತೆಗೆದುಕೊಂಡು ರಸೀದಿ ಕೊಡಲಿ. ಅದು ಅವರ ದುಡಿಮೆಯ ಹಕ್ಕು. ಬಂದ ಹಣದಲ್ಲಿ ಪಾಲು ಕೇಳುವವರನ್ನು ದೂರ ಇಡಿ. ಒ.ಟಿ.ಪಿ., ಎ.ಟಿ.ಎಂ. ಕಾರ್ಡ್, ಸಹಿ ಹಾಕಿದ ಖಾಲಿ ಫಾರಂ ಯಾರ ಕೈಗೂ ಕೊಡಬೇಡಿ.

ಅರ್ಜಿಗೆ ಪಿ.ಎಫ್. ಕಚೇರಿಯಲ್ಲಿ ಶುಲ್ಕವಿಲ್ಲ. ಮೈಸೂರಿನ ಕಚೇರಿ ದೂರವೂ ಅಲ್ಲ, ಗಾಯತ್ರಿಪುರಂನಲ್ಲೇ ಇದೆ. ಸಹಾಯವಾಣಿ 14470. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ; 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಬಹುದು. ಪಿಂಚಣಿ ಪಡೆಯಲು ಊರಿನ ಬ್ಯಾಂಕೇ ಆಗಬೇಕೆಂದೂ ಇಲ್ಲ. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲೂ ಪಡೆಯಬಹುದು. ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಲು ಮರೆಯಬೇಡಿ.

ಜಮಾಅತ್ ಕಮಿಟಿಗಳಿಗೂ ಒಂದು ಮಾತು. ತಿಂಗಳಿಗೊಂದು ಜುಮಾ ಕಳೆದ ಮೇಲೆ ಒಂದು ಮೇಜು ಹಾಕಿ, ಓದಿದ ನಾಲ್ಕು ಹುಡುಗ ಹುಡುಗಿಯರನ್ನು ಕೂರಿಸಿ. ಹೆಸರು ತಾಳೆ ನೋಡುವುದು, ಎರಡು ನಂಬರನ್ನು ಒಂದು ಯು.ಎ.ಎನ್.ಗೆ ಸೇರಿಸುವುದು ಅವರಿಗೆ ದೊಡ್ಡ ಕೆಲಸವಲ್ಲ. ಆ ಉಮ್ಮನಂತೂ ಸೈನ್ ಹಾಕದೆ ಕವರನ್ನು ಮನೆಗೆ ಒಯ್ದರು. ಅವರಿಗೀಗ 57. ಬರುವ ವರ್ಷ 10-ಡಿ ಫಾರಂ ತುಂಬಿಸಲು ನಾವೇ ಜೊತೆಗೆ ಹೋಗುತ್ತೇವೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೇ ಪಿ.ಎಫ್. ಪುಸ್ತಕವೊಂದು ಇರಬಹುದು. ಈ ವಾರವೇ ತೆಗೆದು ನೋಡಿ.