ಹಬ್ಬದ ಗಿಣ್ಣು

ಎ.ಕೆ. ರಾಮಾನುಜನ್ ಅವರ ಪುಸ್ತಕವೊಂದರ ಹಿಂಬದಿಯ ಪರಿಚಯ ಈ ವಾರವಿಡೀ ನನ್ನನ್ನು ಕಾಡಿತು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು, 1963ರಲ್ಲಿ ಪಿಎಚ್.ಡಿ. ಪಡೆದರು. ಅಷ್ಟೇ. ನಮ್ಮ ಲೇಖಕರ ಹೊರನಾಡಿನ ವರ್ಷಗಳನ್ನು ಹೀಗೆ ಒಂದು ಗೆರೆಯಲ್ಲಿ ಎಳೆದು ಮುಗಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಊರಿನಲ್ಲಿ ಸಂಜೆಗಳೇ ಇರಲಿಲ್ಲವೇ? ಅವರು ಅಲ್ಲಿ ಒಪ್ಪಿಸಿದ್ದು ಕನ್ನಡದ ಜನರೇಟಿವ್ ವ್ಯಾಕರಣ. ನಮ್ಮ ನುಡಿಯ ವಾಕ್ಯಗಳು ಹುಟ್ಟುವ ಬಗೆಯನ್ನು ಅವರು ಲೆಕ್ಕ ಹಾಕುತ್ತಿದ್ದಾಗ ಕಿಟಕಿಯಾಚೆ ಏನು ನಡೆಯುತ್ತಿತ್ತು? ಈ ಒಂದು ಪ್ರಶ್ನೆ ಹಿಡಿದು ಹೊರಟೆ.

ಕಿಟಕಿಯಾಚೆ ಇದ್ದದ್ದು ಸೈಕಲ್. ಆ ವಿಶ್ವವಿದ್ಯಾಲಯವಿರುವ ಬ್ಲೂಮಿಂಗ್ಟನ್ನಿನ ಕ್ಯಾಂಪಸ್ಸಿನಲ್ಲಿ 1951ರಿಂದ ಪ್ರತಿ ವಸಂತದಲ್ಲಿ ‘ಲಿಟಲ್ ಫೈವ್ ಹಂಡ್ರೆಡ್’ ಎಂಬ ಪಂದ್ಯ ನಡೆಯುತ್ತದೆ. ಅದನ್ನು ಶುರು ಮಾಡಿದ ಹೌಡಿ ವಿಲ್ಕಾಕ್ಸ್ ವಿಶ್ವವಿದ್ಯಾಲಯದ ಫೌಂಡೇಶನ್ನಿನಲ್ಲಿದ್ದವರು. ಅವರ ತಂದೆ 1919ರ ಇಂಡಿಯಾನಾಪೊಲಿಸ್ ಕಾರ್ ರೇಸ್ ಗೆದ್ದವರು. ಹಾಸ್ಟೆಲಿನ ಸುತ್ತ ಹುಡುಗರು ಸೈಕಲ್ ಪಂದ್ಯ ಕಟ್ಟಿಕೊಂಡಿದ್ದನ್ನು ಮಗ ಕಂಡರು. ಅಪ್ಪನ ರೇಸನ್ನೇ ಅದರ ಮೇಲೆ ಅಚ್ಚೊತ್ತಿದರು. ಅಲ್ಲಿ 33 ಕಾರು, ಇಲ್ಲಿ 33 ತಂಡ. ಅಲ್ಲಿ 200 ಸುತ್ತಿಗೆ 500 ಮೈಲಿ, ಇಲ್ಲಿ ಕಾಲು ಮೈಲಿಯ ಹಾದಿಯಲ್ಲಿ 200 ಸುತ್ತಿಗೆ 50 ಮೈಲಿ. ನಾಲ್ವರಿಗೆ ಒಂದೇ ಸೈಕಲ್. ಅದಕ್ಕೆ ಗೇರಿಲ್ಲ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕ್. ದಣಿದವನು ಓಡುತ್ತಿರುವ ಸೈಕಲ್ಲಿನಿಂದ ಒಂದು ಮಗ್ಗುಲಿಗೆ ಜಿಗಿಯುತ್ತಾನೆ. ಅದು ನೆಲಕ್ಕೆ ವಾಲುವ ಮೊದಲೇ, ಜೊತೆಯಲ್ಲೇ ಓಡಿಬಂದವನು ಹಿಡಿ ಹಿಡಿದು ಮೇಲೇರಿರುತ್ತಾನೆ. ಕೈ ಬದಲಾಗುವ ಆ ಗಳಿಗೆಯಲ್ಲೇ ಪಂದ್ಯಗಳು ಕೈತಪ್ಪುವುದು. ಬಂದ ಹಣ ದುಡಿದು ಓದುವ ಬಡ ವಿದ್ಯಾರ್ಥಿಗಳ ವೇತನಕ್ಕೆ.

ಈ ಪಂದ್ಯ ಅಲ್ಲಿನವರ ಹಬ್ಬ; ಹಬ್ಬದ ಮಾತು ಬಂದದ್ದರಿಂದ ಇಲ್ಲಿ ನಾನು ನನ್ನ ಹಳೆಯ ಹಾದಿಗೆ ಹೊರಳುತ್ತೇನೆ. ತದ್ಭವಗಳ ಬಗ್ಗೆ ಬರೆದಾಗಲೆಲ್ಲ ‘ಹಬ್ಬ’ ಅಚ್ಚಗನ್ನಡವೆಂದು ವಾದಿಸುವ ಕಾಗದಗಳು ಬರುತ್ತವೆ. ಮತ್ತೊಮ್ಮೆ ಹೇಳುತ್ತೇನೆ: ಪರ್ವ ಪಬ್ಬವಾಯಿತು, ಪಾಲು ಹಾಲಾದ ಹಾದಿಯಲ್ಲೇ ಪಬ್ಬ ಹಬ್ಬವಾಯಿತು. ಪರ್ವವೆಂದರೆ ಮೊದಲಿಗೆ ಗಿಣ್ಣು. ಕಬ್ಬಿನ ಗಿಣ್ಣು, ಬಿದಿರಿನ ಗಿಣ್ಣು, ಬೆರಳಿನ ಗಿಣ್ಣು. ಕೃಷ್ಣಪಕ್ಷ ಮುಗಿದು ಶುಕ್ಲಪಕ್ಷ ಹತ್ತಿಕೊಳ್ಳುವ ಅಮಾವಾಸ್ಯೆಯೂ, ಅದು ಮುಗಿಯುವ ಹುಣ್ಣಿಮೆಯೂ ಪರ್ವ; ಕಾಲದ ಗಿಣ್ಣು. ಕುಮಾರವ್ಯಾಸನ ಭಾರತವನ್ನು ಬಿಡಿಸಿ ನೋಡಿ: ಪರ್ವ, ಅದರೊಳಗೆ ಸಂಧಿ. ಎರಡೂ ಕೀಲಿನ ಹೆಸರುಗಳೇ. ಕಥೆಯನ್ನು ತುಂಡರಿಸಿದ ಜಾಗಕ್ಕೆ ನಮ್ಮವರು ತುಂಡೆಂದು ಹೆಸರಿಡಲಿಲ್ಲ, ಕೂಡುವ ಜಾಗವೆಂದು ಇಟ್ಟರು. ಅಲ್ಲಿನವರ ‘ಹೋಮ್‌ಕಮಿಂಗ್’ ಎಂಬ ಹಬ್ಬಕ್ಕೂ ಇದೇ ಲಕ್ಷಣ. ಹಳೆಯ ವಿದ್ಯಾರ್ಥಿಗಳು ಫುಟ್‌ಬಾಲ್ ಕಾಲದಲ್ಲಿ ಮರಳಿ ಬರುತ್ತಾರೆ; ಅವರ ವರ್ಷಗಳಿಗೂ ಈಗಿನ ಹುಡುಗರ ವರ್ಷಗಳಿಗೂ ನಡುವೆ ಒಂದು ಕೀಲು ಬೀಳುತ್ತದೆ. ಓದಿದ ವಿಶ್ವವಿದ್ಯಾಲಯವನ್ನು ಅವರು ಕರೆಯುವ ‘ಆಲ್ಮಾ ಮಾಟರ್’ ಎಂದರೆ ಲ್ಯಾಟಿನ್ನಿನಲ್ಲಿ ಪೊರೆವ ತಾಯಿ. ತವರು ಎಂದರೆ ಕನ್ನಡಿಗರಿಗೆ ಮತ್ತೆ ವಿವರಿಸಬೇಕಿಲ್ಲ.

ಇಷ್ಟಕ್ಕೇ ಬರಹ ನಿಲ್ಲಿಸುವವನಿದ್ದೆ. ಆದರೆ ಗಿಣ್ಣು ಎಂದು ಬರೆದ ಕೂಡಲೇ ಅಜ್ಜಿಯ ಊದುಗೊಳವೆ ನೆನಪಾಯಿತು. ಬಿದಿರಿನದು. ಹೊರಗಿನಿಂದ ನೋಡಿದರೆ ಗಿಣ್ಣು ಎರಡು ಅಂಕಣಗಳನ್ನು ಬೆಸೆದ ಬಳೆಯಂತೆ ಕಾಣುತ್ತದೆ. ಒಳಗೆ ಅದು ಗೋಡೆ. ಕಾದ ಕಂಬಿಯನ್ನು ತೂರಿಸಿ ಆ ಗೋಡೆಯನ್ನು ಸುಟ್ಟು ತೂತು ಮಾಡದಿದ್ದರೆ ಈ ತುದಿಯ ಉಸಿರು ಆ ತುದಿಯ ಒಲೆಗೆ ಮುಟ್ಟದು. ಹಾಗಾದರೆ ಬ್ಲೂಮಿಂಗ್ಟನ್ನಿನ ಹಬ್ಬದೊಳಗೆ ಗೋಡೆ ಎಲ್ಲಿತ್ತು?

ಹುಡುಗಿಯರ ಹಾಸ್ಟೆಲಿನ ಬಾಗಿಲಲ್ಲಿತ್ತು. ಅಂದಿನ ಅಮೆರಿಕದ ಬಹುತೇಕ ಕ್ಯಾಂಪಸ್ಸುಗಳಂತೆ ಅಲ್ಲೂ ವಿದ್ಯಾರ್ಥಿನಿಯರು ರಾತ್ರಿ ಗೊತ್ತಾದ ಹೊತ್ತಿಗೆ ಒಳಗಿರಬೇಕು. ಹುಡುಗರಿಗೆ ಅಂಥ ಗಡಿಯಾರವಿರಲಿಲ್ಲ. ಹೊರಡುವಾಗ ಯಾರೊಡನೆ, ಎಲ್ಲಿಗೆ ಎಂದು ಬರೆದಿಡುವುದು ಆ ಕಾಲದ ಹಾಸ್ಟೆಲುಗಳ ವಾಡಿಕೆ. ಎಷ್ಟೋ ಕಾಲೇಜುಗಳಲ್ಲಿ ತಡವಾದ ನಿಮಿಷಗಳನ್ನು ಕೂಡಿಸಿಡುತ್ತಿದ್ದರು. ಮೊತ್ತ ಮಿತಿ ಮೀರಿದರೆ ಮುಂದಿನ ಶನಿವಾರ ಹೊರಗೆ ಹೋಗುವಂತಿಲ್ಲ. ದೊಡ್ಡ ನೃತ್ಯಕೂಟದ ರಾತ್ರಿ ಇನ್ನಷ್ಟು ಹೊತ್ತಿನ ವಿಶೇಷ ಅನುಮತಿ ಸಿಗುತ್ತಿತ್ತು. ಅಂದರೆ ಹಬ್ಬ ಅವರ ಪಾಲಿಗೆ ನಿಮಿಷಗಳಲ್ಲಿ ಅಳೆದುಕೊಟ್ಟ ಸಡಿಲಿಕೆ. ಇದೇ ಕ್ಯಾಂಪಸ್ಸಿನಲ್ಲಿ ಕುಳಿತು ಆಲ್ಫ್ರೆಡ್ ಕಿನ್ಸೆ 1953ರಲ್ಲಿ ಹೆಣ್ಣಿನ ಲೈಂಗಿಕ ಬದುಕಿನ ಬಗ್ಗೆ ಜಗತ್ತನ್ನೇ ಬೆಚ್ಚಿಸಿದ ಗ್ರಂಥ ತಂದರು. ವಿಶ್ವವಿದ್ಯಾಲಯದ ಅಧ್ಯಕ್ಷ ಹರ್ಮನ್ ವೆಲ್ಸ್ ಎದೆಗೊಟ್ಟು ಅವರನ್ನು ಕಾಪಾಡಿದರು. ಆ ಗ್ರಂಥ ಬಂದ ರಾತ್ರಿಯೂ ಹಾಸ್ಟೆಲಿನ ಬಾಗಿಲು ಹೊತ್ತಿಗೆ ಸರಿಯಾಗಿಯೇ ಮುಚ್ಚಿರಬೇಕು.

ನನ್ನ ಮೊದಲ ಪ್ರಶ್ನೆ ತಪ್ಪಾಗಿತ್ತು. ಅಲ್ಲಿ ಯಾವ ಹಬ್ಬಗಳಿದ್ದವು ಎಂಬುದಕ್ಕಿಂತ, ಯಾರ ಹಬ್ಬ ಎಷ್ಟು ಗಂಟೆಗೆ ಮುಗಿಯುತ್ತಿತ್ತು ಎಂದು ಕೇಳಬೇಕಿತ್ತು. ಬಾಗಿಲು ಹಾಕುವ ಹಕ್ಕಿಗೂ ಲ್ಯಾಟಿನ್ ಹೆಸರೇ: ‘ಇನ್ ಲೊಕೊ ಪೇರೆಂಟಿಸ್’, ಹೆತ್ತವರ ಸ್ಥಾನದಲ್ಲಿ. ಕೆಂಟಕಿಯ ಬೆರಿಯಾ ಕಾಲೇಜಿನ ಮೊಕದ್ದಮೆಯಲ್ಲಿ 1913ರಲ್ಲಿ ನ್ಯಾಯಾಲಯವೇ ಅದಕ್ಕೆ ಮುದ್ರೆಯೊತ್ತಿತ್ತು. ಪೊರೆವ ತಾಯಿಯೂ ಬೀಗ ಹಾಕುವ ತಂದೆಯೂ ಒಂದೇ ಸಂಸ್ಥೆ.

ಕರಿಯ ವಿದ್ಯಾರ್ಥಿಗಳಿಗೆ ಗೋಡೆ ಇನ್ನೂ ಹತ್ತಿರದಲ್ಲಿತ್ತು, ಊಟದ ಮೇಜಿನ ಮೇಲೆ. ಯೂನಿಯನ್ ಕಟ್ಟಡದ ಭೋಜನಾಲಯದಲ್ಲಿ ಅವರು ಕೂರಬೇಕಾದ ಮೇಜುಗಳ ಮೇಲೆ ‘ಕಾದಿರಿಸಲಾಗಿದೆ’ ಎಂಬ ಫಲಕಗಳಿದ್ದವು. ಸುದ್ದಿ ಮಾಡದೆ ಅವನ್ನು ತೆಗೆಸಿಬಿಡಿ ಎಂದು ವೆಲ್ಸ್ ಹೇಳಿದರು. ಫಲಕಗಳು ಹೋದವು, ಯಾರೂ ಗದ್ದಲ ಮಾಡಲಿಲ್ಲ. 1960ರಲ್ಲಿ, ರಾಮಾನುಜನ್ ಅಲ್ಲಿದ್ದಾಗಲೇ, ಥಾಮಸ್ ಆಟ್ಕಿನ್ಸ್ ಎಂಬ ಕರಿಯ ಯುವಕ ವಿದ್ಯಾರ್ಥಿ ಸಂಘದ ಅಧ್ಯಕ್ಷನಾಗಿ ಗೆದ್ದ.

ಹೆತ್ತವರ ಸ್ಥಾನದ ಬೀಗಕ್ಕೆ ಕಾದ ಕಂಬಿ ಬಂದದ್ದು ದಕ್ಷಿಣದಿಂದ. ಅದೇ 1960ರಲ್ಲಿ ಅಲಬಾಮದ ಮಾಂಟ್‌ಗೊಮರಿಯಲ್ಲಿ ಕರಿಯ ವಿದ್ಯಾರ್ಥಿಗಳು ನ್ಯಾಯಾಲಯದ ಕಟ್ಟಡದ ಉಪಾಹಾರಗೃಹದಲ್ಲಿ ಕೂತು ಊಟ ಕೇಳಿದರು. ಕಾಲೇಜು ವಿಚಾರಣೆಯಿಲ್ಲದೆ ಕೆಲವರನ್ನು ಹೊರಹಾಕಿತು. ಹಾಗೆ ಮಾಡುವಂತಿಲ್ಲ ಎಂದು 1961ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಡಿಕ್ಸನ್ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಊಟ ಕೇಳಿದವರ ಹೋರಾಟ ಹಾಸ್ಟೆಲಿನ ಗಡಿಯಾರವನ್ನೂ ಅಲುಗಿಸಿತು. ದಶಕ ಮುಗಿಯುವ ಹೊತ್ತಿಗೆ ದೇಶದ ಉದ್ದಗಲಕ್ಕೆ ಹುಡುಗಿಯರ ಬಾಗಿಲುಗಳ ಕಟ್ಟಳೆ ಸಡಿಲವಾಗತೊಡಗಿತ್ತು.

ಬ್ಲೂಮಿಂಗ್ಟನ್ನಿನ ಸೈಕಲ್ ಹಾದಿ ಮಾತ್ರ ಹುಡುಗಿಯರಿಗೆ ಬಹುಕಾಲ ತೆರೆಯಲಿಲ್ಲ. 1955ರಲ್ಲಿ ಹುಡುಗಿಯರಿಗೆಂದು ಒಂದು ಪಂದ್ಯ ಕೊಟ್ಟರು, ಮಕ್ಕಳ ಮೂರುಗಾಲಿ ಸೈಕಲ್ಲಿನ ಮೇಲೆ. ಬೆಳೆದ ಹೆಣ್ಣುಮಕ್ಕಳು ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಅದನ್ನು ತುಳಿಯುವ ಚಿತ್ರ ಎಷ್ಟು ಯತ್ನಿಸಿದರೂ ನನ್ನ ಕಣ್ಣಿಂದ ಸರಿಯದು. 1987ರಲ್ಲಿ ಒಂದು ತಂಡದ ಹುಡುಗಿಯರು ಗಂಡಸರ ಪಂದ್ಯಕ್ಕೇ ಅರ್ಹತೆ ಪಡೆಯಲು ಇಳಿದರು, ಸಿಗಲಿಲ್ಲ. ಮರುವರ್ಷ ಅವರದೇ ಪಂದ್ಯ ಶುರುವಾಯಿತು: 33 ತಂಡಗಳ ಅದೇ ಮಾದರಿ, ಅದೇ ಹಾದಿ, ಅದೇ ಜಿಗಿತ, ಸುತ್ತು 100. ಮೊದಲ ವರ್ಷ ಗೆದ್ದದ್ದು ವಿಲ್ಕೀ ಎಂಬ ಹಾಸ್ಟೆಲಿನ ಹುಡುಗಿಯರು.