ಗಡಿಕಲ್ಲು ಮತ್ತು ಕ್ಷಮೆ



ತೋಟದ ಗಡಿಕಲ್ಲು, ತೋಡಿನ ನೀರು, ಬೇಲಿ ದಾಟಿದ ದನ: ನಮ್ಮ ರೈತ ಕುಟುಂಬಗಳ ಎಷ್ಟೋ ಹಗೆಗಳು ಹುಟ್ಟುವುದು ಇಲ್ಲಿಯೇ. ತಂದೆಯ ಕಾಲದ ಜಗಳವೂ ಜಮೀನಿನೊಂದಿಗೆ ಮಕ್ಕಳ ಪಾಲಿಗೆ ಬರುತ್ತದೆ.

ಇದಕ್ಕಿಂತ ಎಷ್ಟೋ ದೊಡ್ಡ ನೋವನ್ನು ಕ್ಷಮಿಸಿದ ಕುಟುಂಬವೊಂದು ನಮ್ಮ ಕೇರಳದ ಪುಲ್ಲುವಳಿಯಲ್ಲಿದೆ. ಅಲ್ಲಿಯ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರನ್ನು ಬಡ್ಡಿ ವ್ಯಾಪಾರಿಗಳ ಹಿಡಿತದಿಂದ ಬಿಡಿಸಲು ದುಡಿದವರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರನ್ನು ಇರಿದು ಕೊಲ್ಲಲಾಯಿತು. ಅವರ ತಂಗಿ ಸಿಸ್ಟರ್ ಸೆಲ್ಮಿ 2002ರಲ್ಲಿ ಜೈಲಿಗೆ ಹೋಗಿ ಕೊಂದವನಿಗೆ ರಾಖಿ ಕಟ್ಟಿದರು. ಬಿಡುಗಡೆಯಾದ ಮೇಲೆ ತಾಯಿಯೂ ಅವನನ್ನು ಮನೆಗೆ ಬರಮಾಡಿಕೊಂಡರು. 2017ರಲ್ಲಿ ಇಂದೋರಿನಲ್ಲಿ ಸಿಸ್ಟರ್ ಅವರನ್ನು ಪುನೀತರೆಂದು ಘೋಷಿಸಲಾಯಿತು.

ಮಗಳನ್ನೇ ಕಳೆದುಕೊಂಡ ತಾಯಿ ಕ್ಷಮಿಸಿದರೆ, ಎರಡಡಿ ಮಣ್ಣಿಗಾಗಿ ನಾವು ನೆರೆಯವರೊಡನೆ ಮಾತು ಬಿಡುವುದು ಸರಿಯೇ? ಕ್ಷಮಿಸುವುದೆಂದರೆ ನ್ಯಾಯವಾದ ಹಕ್ಕನ್ನು ಬಿಟ್ಟುಕೊಡುವುದಲ್ಲ. ಗಡಿಯನ್ನು ಸರ್ವೆಯವರು ಅಳೆಯಲಿ. ಮನಸ್ಸಿನ ಹಗೆಯನ್ನು ಕೀಳಬೇಕಾದವರು ನಾವೇ. ಬೇರು ಉಳಿದ ಕಳೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಒಳಗಿಟ್ಟ ಸಿಟ್ಟು ನಿದ್ದೆಯನ್ನೂ ಕೆಡಿಸುತ್ತದೆ.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ದಿನವೂ ಕ್ಷಮೆ ಬೇಡುವ ನಾವು, ಬರುವ ಭಾನುವಾರದ ಬಲಿಪೂಜೆಗೆ ಮೊದಲು ನೆರೆಮನೆಯ ಅಂಗಳಕ್ಕೆ ಕಾಲಿಡೋಣ.